ರೋಣ ತಾಲೂಕಿನ ಒಂದು ಕಡಲೆ ಹೊಲ: ಬೇಸಾಯ ಕ್ರಮ ಮತ್ತು ಬೇರಿನ ಶಿಲೀಂಧ್ರ ರೋಗಗಳ ಪ್ರಕರಣ ಅಧ್ಯಯನ

ಗದಗ ಜಿಲ್ಲೆಯ ರೋಣ, ನರಗುಂದ ತಾಲೂಕುಗಳ ಎರೆ ಭೂಮಿಯಲ್ಲಿ ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ ಎಂಬ ಜೋಡಿ ಈಗ ಬಹುತೇಕ ಕಾಯಂ ಆಗಿದೆ. ಹೆಸರು ಎರಡು ತಿಂಗಳ ಮೇಲೆ ಕೆಲವು ದಿನಗಳಲ್ಲಿ ಕೈಗೆ ಬಂದು ಹೊಲವನ್ನು ಖಾಲಿ ಮಾಡಿಕೊಡುತ್ತದೆ, ಅದರ ದುಡ್ಡಿನಲ್ಲಿ ಹಿಂಗಾರಿನ ಬೀಜ ಗೊಬ್ಬರದ ಖರ್ಚು ಸರಿದೂಗುತ್ತದೆ, ಕಡಲೆಯನ್ನು ಕಟಾವು ಯಂತ್ರದಿಂದ ಒಂದೇ ದಿನದಲ್ಲಿ ಕೊಯ್ದು ಮುಗಿಸಬಹುದು. ಆಳಿನ ಕೂಲಿ ಏರಿದ ಕಾಲದಲ್ಲಿ ಇಷ್ಟು ಅನುಕೂಲವಿರುವ ಜೋಡಿಯನ್ನು ಬಿಡುವುದು ಯಾರಿಗೂ ಸುಲಭವಲ್ಲ. ಇಲ್ಲಿ ವಿವರಿಸಿರುವುದು ಹೀಗೆ ಹಲವು ವರ್ಷ ಹೆಸರು ಮತ್ತು ಕಡಲೆಯನ್ನೇ ಬೆಳೆದ ಆರು ಎಕರೆಯ ಒಂದು ಹೊಲದಲ್ಲಿ ಗಿಡಗಳು ಸಾಯತೊಡಗಿದ ಸಂಗತಿ, ಅದಕ್ಕೆ ಕಾರಣವಾದ ಬೇಸಾಯದ ಕೆಲಸಗಳು ಮತ್ತು ಆ ಕೆಲಸಗಳನ್ನು ಬದಲಿಸಿದಾಗ ಹೊಲದ ಒಂದೊಂದು ಭಾಗ ಒಂದೊಂದು ರೀತಿಯಲ್ಲಿ ಪ್ರತಿಕ್ರಿಯಿಸಿದ ಬಗೆ.

ರೈತರು ಐವತ್ತು ದಾಟಿದ ಅನುಭವಿಗಳು. ಅವರ ತಂದೆಯ ಕಾಲದಲ್ಲಿ ಇದೇ ಹೊಲದಲ್ಲಿ ಬಿಳಿಜೋಳ, ಕುಸುಬೆ, ಕಡಲೆ, ಗೋಧಿ, ಹತ್ತಿ ಸರದಿಯ ಮೇಲೆ ಬರುತ್ತಿದ್ದವು. ಜೋಳದಲ್ಲಿ ಕುಸುಬೆಯ ಅಕ್ಕಡಿ ಸಾಲು ಇರುತ್ತಿತ್ತು. ಎರಡು ಮೂರು ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ರೆಂಟೆ (ಆಳ ನೇಗಿಲು) ಹೊಡೆದು ಹೆಂಟೆಗಳನ್ನು ಬಿಸಿಲಿಗೆ ಬಿಡುತ್ತಿದ್ದರು. ಈಗ ಮನೆಯಲ್ಲಿ ಎತ್ತುಗಳಿಲ್ಲ. ಬಾಡಿಗೆ ಟ್ರ್ಯಾಕ್ಟರಿನ ರೋಟಾವೇಟರ್ ಮೇಲಿನ ನಾಲ್ಕೈದು ಇಂಚು ಮಣ್ಣನ್ನು ಪುಡಿ ಮಾಡಿ ಹೋಗುತ್ತದೆ. ಹೆಸರು ಕಟಾವಾದ ಮೇಲೆ ಹೊಲದಲ್ಲಿ ಉಳಿದ ಸೊಪ್ಪು ಸದೆಯೂ ಅದೇ ರೋಟಾವೇಟರಿನಲ್ಲಿ ಮಣ್ಣಿಗೆ ಸೇರಿ, ಅದು ಕಳಿಯುವ ಮೊದಲೇ ಕಡಲೆಯ ಬಿತ್ತನೆ ನಡೆಯುತ್ತದೆ. ಬೀಜ ಮನೆಯದೇ, ಅಣ್ಣಿಗೇರಿ-1 ತಳಿ. ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಕೃಷಿ ಸಂಶೋಧನಾ ಕೇಂದ್ರದಿಂದ 1978ರಲ್ಲಿ ಬಂದ ಈ ತಳಿ ಇಲ್ಲಿನ ನೆಲಕ್ಕೂ ಬಾಯಿಗೂ ಚೆನ್ನಾಗಿ ಒಗ್ಗಿದೆ. ಆದರೆ ಸೊರಗು ರೋಗವನ್ನು ತಡೆಯುವ ಶಕ್ತಿ ಅದಕ್ಕಿಲ್ಲ.

ಮೊದಲು ನೋಡಿದ ಹಂಗಾಮಿನಲ್ಲಿ ಉತ್ತರಿ ಮಳೆಯ ಹಸಿಯಲ್ಲೇ, ಅಂದರೆ ಸೆಪ್ಟೆಂಬರ್ ಕೊನೆಯ ವಾರದಲ್ಲೇ ಬಿತ್ತನೆ ಮುಗಿದಿತ್ತು. ಅಕ್ಕಪಕ್ಕದವರು ಬಿತ್ತಿದ್ದರು, ಮುಂದೆ ಮಳೆ ಕೈಕೊಟ್ಟರೆ ಹಸಿ ಸಿಗುವುದಿಲ್ಲ ಎಂಬ ಭಯವಿತ್ತು. ಹಿಂದಿನ ವರ್ಷಗಳಲ್ಲಿ ಗಿಡಗಳು ಸತ್ತು ಸಾಲು ತೆಳುವಾಗಿದ್ದರಿಂದ ಈ ಬಾರಿ ಎಕರೆಗೆ ನಲವತ್ತು ಕಿಲೋ ಬೀಜ ಹಾಕಿದ್ದರು. ಸಾಮಾನ್ಯ ಶಿಫಾರಸು ಎಕರೆಗೆ 20ರಿಂದ 25 ಕಿಲೋ. ಸಾಯುವ ಗಿಡಗಳ ಲೆಕ್ಕವನ್ನು ಮೊದಲೇ ಹಿಡಿದು ಬಿತ್ತುವ ಈ ಪದ್ಧತಿ ಹಳ್ಳಿಗಳಲ್ಲಿ ಹೆಚ್ಚುತ್ತಿದೆ. ಅದರಿಂದ ಏನಾಗುತ್ತದೆ ಎಂಬುದು ಮುಂದೆ ಬರುತ್ತದೆ.

ಡಿಸೆಂಬರ್ ಮೊದಲ ವಾರದಲ್ಲಿ ರೈತರು ಕೇಳಿದ್ದು ಒಂದೇ ಪ್ರಶ್ನೆ: "ಸಿಡಿ ಹಾಯಾಕತ್ತೈತ್ರಿ ಸರ, ಎರಡ ಸಲ ಔಷಧ ಬಿಟ್ಟೀನಿ, ನಿಂತಿಲ್ಲ. ಇನ್ನ ಯಾವುದ ಬಿಡಬೇಕ ಹೇಳ್ರಿ." ಗಿಡ ಬಾಡಿ ಸಾಯುವುದನ್ನು ಇಲ್ಲಿ ಸಿಡಿ ಹಾಯುವುದು ಎನ್ನುತ್ತಾರೆ. ಅಂಗಡಿಯವರ ಮಾತಿನಂತೆ ಕಾರ್ಬೆಂಡಾಜಿಮ್ ಎಂಬ ಶಿಲೀಂಧ್ರನಾಶಕದ ದ್ರಾವಣವನ್ನು ಗಿಡದ ಬುಡಕ್ಕೆ ಸುರಿದಿದ್ದರು. ಆರು ಎಕರೆಗೆ ಹೀಗೆ ಬುಡಕ್ಕೆ ಸುರಿಯುವ ನೀರು, ಆಳು, ಔಷಧದ ಖರ್ಚನ್ನು ಕೂಡಿಸಿದರೆ ಕಡಲೆಯಂತಹ ಬೆಳೆ ಅದನ್ನು ತಾಳುವುದಿಲ್ಲ ಎಂಬುದು ಒಂದು ಮಾತು. ಒಮ್ಮೆ ಶಿಲೀಂಧ್ರ ಗಿಡದ ನಾಳದೊಳಗೆ ಹೊಕ್ಕ ಮೇಲೆ ಬುಡಕ್ಕೆ ಸುರಿದ ಔಷಧದಿಂದ ಆ ಗಿಡ ಬದುಕಿಕೊಳ್ಳುವುದು ಅಪರೂಪ ಎಂಬುದು ಇನ್ನೊಂದು.

ಕಿತ್ತು ನೋಡಿದಾಗ ಕಂಡದ್ದು

ಹೊಲ ಪಶ್ಚಿಮದಿಂದ ಪೂರ್ವಕ್ಕೆ ಇಳಿಜಾರಾಗಿದೆ. ಮೇಲಿನ ಎರಡು ಎಕರೆಯಲ್ಲಿ ಎರೆಮಣ್ಣು ತೆಳು; ಒಂದೂವರೆ ಅಡಿ ಅಗೆದರೆ ಗರಸು (ಜಲ್ಲಿ ಮಣ್ಣು) ಹತ್ತುತ್ತದೆ. ನಡುವೆ ಮೂರು ಎಕರೆ ಆಳವಾದ ಎರೆ. ಕೆಳಗಿನ ಒಡ್ಡಿನ ಪಕ್ಕದ ಒಂದು ಎಕರೆ ತಗ್ಗು. ಅಲ್ಲಿ ಮಳೆ ನಿಂತ ಮೇಲೂ ಕೆಲವು ದಿನ ನೀರು ಜಿನುಗುತ್ತಿರುತ್ತದೆ. ಹಿಂದಿನ ವರ್ಷಗಳಿಂದ ಮೂರೂ ಕಡೆ ಕಾಣುತ್ತಿದ್ದ ಸಾವನ್ನು ರೈತರು ಒಂದೇ ರೋಗವೆಂದು ತಿಳಿದಿದ್ದರು. ಮೇಲಿನಿಂದ ನೋಡಿದರೆ ಹಾಗೆ ತಿಳಿಯುವುದರಲ್ಲಿ ತಪ್ಪೇನೂ ಇಲ್ಲ, ಎಲ್ಲ ಕಡೆಯೂ ಒಣಗಿದ ಗಿಡವೇ ಕಾಣುತ್ತದೆ. ವ್ಯತ್ಯಾಸ ಇರುವುದು ಬೇರಿನಲ್ಲಿ.

ನಡುವಿನ ಭಾಗದಲ್ಲಿ ಗಿಡಗಳು ಬಾಡಿ ಜೋತು ಬಿದ್ದಿದ್ದವು, ಎಲೆ ಇನ್ನೂ ಪೂರ್ತಿ ಹಳದಿಯಾಗಿರಲಿಲ್ಲ. ಗಿಡವನ್ನು ಸುತ್ತಲ ಮಣ್ಣು ಸಡಿಲಿಸಿ ಕಿತ್ತಾಗ ತಾಯಿಬೇರು, ಕವಲು ಬೇರು ಎರಡೂ ಹೊರಗಿನಿಂದ ನೆಟ್ಟಗಿದ್ದವು. ಬುಡದಿಂದ ಮೇಲಕ್ಕೆ ಕಾಂಡವನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿದಾಗ ನಡುವಿನ ನಾಳದಲ್ಲಿ ಕಂದು ಗೆರೆ ಕಂಡಿತು. ಇದು ಫ್ಯುಸೇರಿಯಂ ಆಕ್ಸಿಸ್ಪೋರಂ ಶಿಲೀಂಧ್ರದ ಕಡಲೆಗೆಂದೇ ಇರುವ ಬಗೆಯಿಂದ ಬರುವ ಸೊರಗು ರೋಗ. ನಿಜವಾದ ಸಿಡಿ ಇದೇ. ನೀರು ಸಾಗುವ ನಾಳ ಮುಚ್ಚಿಹೋಗುವುದರಿಂದ ಬೇರು ಗಟ್ಟಿಯಾಗಿದ್ದರೂ ಗಿಡ ಬಾಡುತ್ತದೆ. ಸತ್ತ ಗಿಡಗಳ ಮಚ್ಚೆಗಳು ನೀರು ಹರಿಯುವ ದಿಕ್ಕಿನಲ್ಲೇ ಉದ್ದವಾಗಿ ಹಬ್ಬಿದ್ದವು.

ಮೇಲಿನ ತೆಳು ಮಣ್ಣಿನಲ್ಲಿ ಆಗ ಸಾವು ಇನ್ನೂ ಶುರುವಾಗಿರಲಿಲ್ಲ. ಅದು ಕಂಡದ್ದು ಕಾಯಿ ಕಟ್ಟುವ ಹೊತ್ತಿಗೆ. ಅಲ್ಲಿ ಗಿಡ ಜೋತು ಬೀಳದೆ ನಿಂತಲ್ಲೇ ಹುಲ್ಲಿನ ಬಣ್ಣಕ್ಕೆ ತಿರುಗಿ ಒಣಗಿತ್ತು. ಕೀಳಹೋದರೆ ತಾಯಿಬೇರು ಪಟಕ್ಕನೆ ಮುರಿದು ಅರ್ಧ ಮಣ್ಣಿನಲ್ಲೇ ಉಳಿಯುತ್ತಿತ್ತು. ಕೈಗೆ ಬಂದ ತುಂಡಿನಲ್ಲಿ ಕವಲು ಬೇರುಗಳೇ ಇರಲಿಲ್ಲ. ಸಿಪ್ಪೆಯನ್ನು ಉಗುರಿನಿಂದ ಕೆರೆದು ಭೂತಗನ್ನಡಿ ಹಿಡಿದಾಗ ಒಳಗೆ ಸಣ್ಣ ಕಪ್ಪು ಚುಕ್ಕಿಗಳು ತುಂಬಿದ್ದವು. ಇದು ಒಣ ಬೇರು ಕೊಳೆ; ಕಾರಣ ರೈಜೋಕ್ಟೋನಿಯಾ ಬಟಾಟಿಕೋಲಾ, ಅದರ ಇನ್ನೊಂದು ಹೆಸರು ಮ್ಯಾಕ್ರೋಫೋಮಿನಾ ಫೆಸಿಯೋಲಿನಾ. ಕೆಳಗಿನ ತಗ್ಗಿನಲ್ಲಿ ಬಿತ್ತಿದ ಮೂರನೇ ವಾರದಲ್ಲೇ ಸಸಿಗಳು ಸತ್ತಿದ್ದವೆಂದು ರೈತರು ಹೇಳಿದರು. ಅಲ್ಲಿ ಉಳಿದ ಕೆಲವು ಒಣ ಸಸಿಗಳ ಬುಡದಲ್ಲಿ, ಮಣ್ಣಿನ ಮಟ್ಟದಲ್ಲೇ, ಕತ್ತು ಕೊಳೆತು ಸಣ್ಣಗಾಗಿತ್ತು. ಅರೆ ಕಳಿತ ಹೆಸರಿನ ಕಡ್ಡಿಗಳ ಮೇಲೆ ಬಿಳಿ ಎಳೆಗಳೂ ಸಾಸಿವೆಯಂತಹ ಕಂದು ಗುಂಡುಗಳೂ ಇದ್ದವು. ಅದು ಸ್ಕ್ಲೀರೋಷಿಯಂ ರಾಲ್ಫ್ಸಿ ತರುವ ಬುಡ ಕೊಳೆ ರೋಗ.

ಅಂದರೆ ಆರು ಎಕರೆಯಲ್ಲಿ ಮೂರು ಶಿಲೀಂಧ್ರಗಳು ತಮಗೆ ಒಗ್ಗುವ ಜಾಗವನ್ನು ಹಂಚಿಕೊಂಡಿದ್ದವು. ಎಲೆಯ ಮೇಲೆ ಅಲ್ಲಲ್ಲಿ ತುಕ್ಕು ರೋಗದ ಚುಕ್ಕೆಗಳೂ ಇದ್ದವು; ಬೆಳೆಯ ಕೊನೆಯಲ್ಲಿ ಬಂದದ್ದರಿಂದ ಅದರ ಹಾನಿ ಗಣನೆಗೆ ಬರುವಷ್ಟಿರಲಿಲ್ಲ.

ಒಂದೇ ಕೆಲಸ, ಬೇರೆ ಬೇರೆ ಫಲ

ಈ ಪ್ರಕರಣದಲ್ಲಿ ಹೆಚ್ಚು ವಿಚಾರ ಮಾಡಬೇಕಾದ ಭಾಗ ಇದೇ. ಬೆಳೆ ಬದಲಿಸಿ, ಬೇಸಿಗೆಯಲ್ಲಿ ಆಳವಾಗಿ ಉಳಿ, ತಡವಾಗಿ ಬಿತ್ತು ಎಂಬ ಸಲಹೆಗಳನ್ನು ನಾವು ಎಲ್ಲ ಬೇರು ರೋಗಗಳಿಗೂ ಒಟ್ಟಿಗೆ ಹೇಳುವ ರೂಢಿಯಿದೆ. ಮೂರೂ ಶಿಲೀಂಧ್ರಗಳು ಮಣ್ಣಿನಲ್ಲೇ ಬದುಕುವುದರಿಂದ ಹಾಗೆ ಹೇಳುವುದು ಸರಿಯೆನಿಸುತ್ತದೆ. ಆದರೆ ಅವು ಮಣ್ಣಿನಲ್ಲಿ ಬದುಕುವ ರೀತಿ ಒಂದೇ ಅಲ್ಲ.

ಬಿತ್ತನೆಯ ಕಾಲವನ್ನೇ ತೆಗೆದುಕೊಳ್ಳಬಹುದು. ಸೆಪ್ಟೆಂಬರ್ ಕೊನೆಯಲ್ಲಿ ಮಣ್ಣು ಇನ್ನೂ ಬೆಚ್ಚಗಿರುತ್ತದೆ. 25ರಿಂದ 28 ಡಿಗ್ರಿ ಸೆಲ್ಸಿಯಸ್ ಸುತ್ತಲಿನ ಉಷ್ಣತೆ ಸೊರಗು ರೋಗದ ಶಿಲೀಂಧ್ರಕ್ಕೆ ಚೆನ್ನಾಗಿ ಒಗ್ಗುತ್ತದೆ. ಬೆಚ್ಚಗಿನ ಹಸಿ ಮಣ್ಣು ಬುಡ ಕೊಳೆಗೂ ಅನುಕೂಲ. ಆದ್ದರಿಂದ ಉತ್ತರಿಯ ಬಿತ್ತನೆಯನ್ನು ಬಿಟ್ಟು ಅಕ್ಟೋಬರ್ ನಡುವಿನ ಚಿತ್ತಿ ಮಳೆಯವರೆಗೆ ಕಾದರೆ ಈ ಎರಡೂ ಕಡಿಮೆಯಾಗುತ್ತವೆ. ಆದರೆ ಇನ್ನೂ ಮುಂದೆ, ಸ್ವಾತಿ ಕಳೆದು ನವೆಂಬರಿಗೆ ಹೋದರೆ ಕಾಯಿ ಕಟ್ಟುವ ಕಾಲ ಫೆಬ್ರುವರಿಯ ಬಿಸಿಲಿಗೆ ಬೀಳುತ್ತದೆ. ಹಗಲಿನ ಉಷ್ಣತೆ 30 ಡಿಗ್ರಿ ದಾಟಿ, ನೆಲದಲ್ಲಿ ಹಸಿ ಮುಗಿದು, ಕಾಯಿಯ ಭಾರವೂ ಗಿಡದ ಮೇಲಿರುವ ಆ ಹೊತ್ತೇ ಒಣ ಬೇರು ಕೊಳೆಗೆ ಬೇಕಾದದ್ದು. ತೆಳು ಮಣ್ಣಿನ ಹೊಲದಲ್ಲಿ ಆ ಹೊತ್ತು ಇನ್ನೂ ಬೇಗ ಬರುತ್ತದೆ. ಹೀಗಾಗಿ ಒಂದೇ ಹೊಲದ ನಡುವಿನ ಭಾಗಕ್ಕೆ ಒಳ್ಳೆಯದಾದ ತಡ ಬಿತ್ತನೆ ಮೇಲಿನ ಭಾಗಕ್ಕೆ ಕೆಟ್ಟದ್ದಾಗಬಹುದು.

ಬೆಳೆ ಸರದಿಯ ವಿಷಯ ಇನ್ನೂ ತೊಡಕಿನದು. ಸೊರಗು ರೋಗದ ಶಿಲೀಂಧ್ರಕ್ಕೆ ಕಡಲೆಯೇ ಮುಖ್ಯ ಆಸರೆ. ಜೋಳ ಹಾಕಿದ ವರ್ಷ ಅದಕ್ಕೆ ಮೇವು ಸಿಗುವುದಿಲ್ಲ. ಹಾಗೆಂದು ಅದು ಸತ್ತೂ ಹೋಗುವುದಿಲ್ಲ: ಕಡಲೆಯೇ ಇಲ್ಲದಿದ್ದರೂ ಮಣ್ಣಿನಲ್ಲಿ ಆರು ವರ್ಷದವರೆಗೆ ಉಳಿಯಬಲ್ಲದು. ಒಂದು ವರ್ಷದ ಬದಲಿ ಬೆಳೆ ರೋಗದ ಭಾರವನ್ನು ಇಳಿಸುತ್ತದೆಯೇ ಹೊರತು ತೆಗೆದುಹಾಕುವುದಿಲ್ಲ. ಒಣ ಬೇರು ಕೊಳೆಯ ಶಿಲೀಂಧ್ರದ ಲೆಕ್ಕವೇ ಬೇರೆ. ಅದಕ್ಕೆ ಐನೂರಕ್ಕೂ ಹೆಚ್ಚು ಬಗೆಯ ಗಿಡಗಳು ಆಸರೆ. ಹೆಸರಿನ ಬೇರನ್ನೂ ಅದು ಕೊಳೆಸುತ್ತದೆ. ಹಿಂಗಾರಿ ಜೋಳ ತೆನೆ ಕಟ್ಟುವಾಗ ಹಸಿ ಕಡಿಮೆಯಾದರೆ ದಂಟಿನ ಬುಡ ಟೊಳ್ಳಾಗಿ, ಒಳಗೆ ಕಪ್ಪು ಪುಡಿ ತುಂಬಿ, ಗಿಡ ಮಲಗುವ ಇದ್ದಿಲು ಕೊಳೆ ರೋಗವನ್ನು ತರುವುದೂ ಇದೇ ಶಿಲೀಂಧ್ರ. ಕಡಲೆಯನ್ನು ಬಿಡಿಸಿ ಜೋಳ ಹಾಕಿದಾಗ ಸೊರಗು ರೋಗದ ಶಿಲೀಂಧ್ರ ಉಪವಾಸ ಬಿದ್ದರೆ ಇದು ಊಟದ ಎಲೆಯನ್ನಷ್ಟೇ ಬದಲಿಸುತ್ತದೆ.

ಉಳುಮೆಯ ಪರಿಣಾಮವೂ ಹೀಗೆಯೇ. ಬುಡ ಕೊಳೆಯ ಗುಂಡುಗಳು ಮೇಲ್ಮಣ್ಣಿನಲ್ಲಿ ಗಾಳಿ ಸಿಕ್ಕಾಗ, ಕಳಿಯದ ಸದೆ ಹತ್ತಿರವಿದ್ದಾಗ ಮೊಳೆಯುತ್ತವೆ. ಮಣ್ಣನ್ನು ಮಗುಚಿ ಹಾಕುವ ರೆಂಟೆಯಿಂದ ಅವು ಆಳಕ್ಕೆ ಹೋದರೆ ಮೊಳೆಯುವುದು ಕಡಿಮೆ. ರೋಟಾವೇಟರ್ ಇದರ ತದ್ವಿರುದ್ಧವಾಗಿ ಗುಂಡನ್ನೂ ಸದೆಯನ್ನೂ ಕಡಲೆಯ ಕತ್ತು ಬರುವ ಪದರದಲ್ಲೇ ಬೆರೆಸಿಡುತ್ತದೆ. ಬೇಸಿಗೆಯ ಬಿಸಿಲು ತಾಗಿಸುವ ಆಳ ಉಳುಮೆ ಸೊರಗು ರೋಗಕ್ಕೂ ಸ್ವಲ್ಪ ಮಟ್ಟಿಗೆ ಉಪಯುಕ್ತ. ಆದರೆ ಒಣ ಬೇರು ಕೊಳೆಯ ಕಪ್ಪು ಚುಕ್ಕಿಗಳು ಒಣ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ಅವು ಬೇಗ ಸಾಯುವುದು ಮಣ್ಣು ವಾರಗಟ್ಟಲೆ ಹಸಿಯಾಗಿದ್ದಾಗ. ಗರಸು ಹತ್ತಿರವಿರುವ ಹೊಲವನ್ನು ಬೇಸಿಗೆಯಲ್ಲಿ ಉತ್ತು ಒಣಗಿಸುವುದರಿಂದಷ್ಟೇ ಅದನ್ನು ಗೆಲ್ಲಲಾಗದು.

ಬೀಜವನ್ನು ಹೆಚ್ಚು ಹಾಕುವ ವಿಚಾರಕ್ಕೆ ಬಂದರೆ, ಎಂಟು ಇಂಚಿನ ಒತ್ತು ಸಾಲಿನಲ್ಲಿ ನಲವತ್ತು ಕಿಲೋ ಬೀಜ ಬಿತ್ತಿದ್ದರಿಂದ ಮೇಲಿನ ಎರಡು ಎಕರೆಯ ಹಸಿ ಕಾಯಿ ಕಟ್ಟುವ ಹೊತ್ತಿಗೇ ಮುಗಿದಿತ್ತು. ಸತ್ತ ಗಿಡಗಳ ಜಾಗ ತುಂಬಲೆಂದು ಹಾಕಿದ ಬೀಜವೇ ಮುಂದಿನ ಸಾವಿಗೆ ದಾರಿ ಮಾಡಿತ್ತು.

ಬೀಜೋಪಚಾರದಲ್ಲಿ ಒಂದು ಸಣ್ಣ ಸಂಗತಿ ಗಮನಕ್ಕೆ ಬಂತು. ರೈತರು ಕಾರ್ಬೆಂಡಾಜಿಮ್ ಲೇಪಿಸಿದ ಬೀಜಕ್ಕೇ ಟ್ರೈಕೋಡರ್ಮಾ ಪುಡಿಯನ್ನೂ ಹಚ್ಚಿದ್ದರು. ರೋಗದ ಶಿಲೀಂಧ್ರಗಳನ್ನು ಹತ್ತಿಕ್ಕಲು ಹಚ್ಚುವ ಟ್ರೈಕೋಡರ್ಮಾ ಕೂಡ ಒಂದು ಶಿಲೀಂಧ್ರವೇ. ಆ ಔಷಧ ಅದನ್ನೂ ಕೊಲ್ಲುತ್ತದೆ. ಎರಡಕ್ಕೂ ದುಡ್ಡು ಕೊಟ್ಟು ಒಂದರ ಫಲವನ್ನಷ್ಟೇ ಪಡೆದಂತಾಯಿತು. ಅಂಗಡಿಯಲ್ಲಿ ಎರಡೂ ಪೊಟ್ಟಣಗಳನ್ನು ಒಟ್ಟಿಗೆ ಕಟ್ಟಿಕೊಡುವವರು ಈ ಒಂದು ಮಾತನ್ನು ಹೇಳಿದರೆ ಸಾಕಿತ್ತು.

ಮಾಡಿದ ಬದಲಾವಣೆಗಳು

ಮುಂದಿನ ಬೇಸಿಗೆಯಲ್ಲಿ ಹೊಲವನ್ನು ಮೂರು ತುಂಡಾಗಿ ಲೆಕ್ಕ ಹಾಕಿ ಬೇಸಾಯ ಮಾಡಲು ರೈತರು ಒಪ್ಪಿದರು, ಆದರೆ ಎಲ್ಲದಕ್ಕೂ ಅಲ್ಲ. ಮೇಲಿನ ತುಂಡಿನಲ್ಲಿ ಜೋಳ ಬೇಡ ಎಂದು ಸೂಚಿಸಿದ್ದಕ್ಕೆ ಅವರು ಒಪ್ಪಲಿಲ್ಲ. "ಜ್ವಾಳ ಹಾಕಿದ್ರ ಹೊಲ ಸುದ್ದ ಅಕ್ಕೈತಿ ಅಂತ ನಮ್ಮಪ್ಪ ಹೇಳತಿದ್ದ್ರಿ. ಮ್ಯಾಲ ಮನ್ಯಾಗ ಎಮ್ಮಿ ಅದಾವ, ಕಣಕಿ ಬೇಕು" ಎಂಬುದು ಅವರ ಉತ್ತರ. ತಂದೆಯ ಮಾತು ನಡುವಿನ ಆಳ ಎರೆಗೆ ಸರಿಯೇ ಇತ್ತು; ಕಣಕಿಯ, ಅಂದರೆ ಜೋಳದ ದಂಟಿನ ಮೇವಿನ, ಅಗತ್ಯವೂ ನಿಜವೇ. ಹೀಗಾಗಿ ಮೊದಲ ವರ್ಷ ಮೇಲಿನ ಎರಡು ಎಕರೆಗೂ ನಡುವಿನ ಒಂದೂವರೆ ಎಕರೆಗೂ ಮಾಲದಂಡಿ ಜೋಳ ಬಿತ್ತಲಾಯಿತು. ನಡುವಿನ ಉಳಿದ ಭಾಗದಲ್ಲಿ ಕಡಲೆಯೇ ಬಂತು, ಆದರೆ ತಳಿ ಜೆಜಿ-11. ಇದು 1999ರಲ್ಲಿ ಬಿಡುಗಡೆಯಾದ, ಸೊರಗು ರೋಗ ನಿರೋಧಕ ಶಕ್ತಿಯಿರುವ ತಳಿ. ಬಿತ್ತನೆಯನ್ನು ಚಿತ್ತಿ ಮಳೆಗೆ ಮುಂದೂಡಿದರು. ಸಾಲಿನ ಅಂತರವನ್ನು ಒಂದು ಅಡಿ ಮಾಡಿದರು. ಬೀಜಕ್ಕೆ ಕಿಲೋಗೆ 4 ಗ್ರಾಂ ಟ್ರೈಕೋಡರ್ಮಾ ಮಾತ್ರ ಹಚ್ಚಿ, ನೆರಳಲ್ಲಿ ಆರಿಸಿ, ರೈಜೋಬಿಯಂ ಅಣುಜೀವಿ ಗೊಬ್ಬರವನ್ನು ಕೊನೆಗೆ ಹಚ್ಚಿದರು.

ಕೆಳಗಿನ ತಗ್ಗಿಗೆ ಏಪ್ರಿಲ್‌ನಲ್ಲಿ ರೆಂಟೆ ಹೊಡೆಯಲಾಯಿತು. ಹೆಸರಿನ ಸದೆಯನ್ನು ಅಲ್ಲೇ ಪುಡಿ ಮಾಡದೆ ಬಾಚಿ ತಿಪ್ಪೆಗೆ ಹಾಕಿದರು. ಒಡ್ಡಿನ ಪಕ್ಕಕ್ಕೆ ಒಂದು ಬಸಿಗಾಲುವೆ ತೆಗೆದರು. ಈ ಮೂರು ಕೆಲಸಗಳ ಫಲ ಅದೇ ಹಂಗಾಮಿನಲ್ಲಿ ಕಂಡಿತು: ಸಸಿಗಳು ಸಾಯುವುದು ಬಹುಮಟ್ಟಿಗೆ ನಿಂತು, ಸಾಲು ತುಂಬಿ ಬಂತು. ಬುಡ ಕೊಳೆಯ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಬೇಕಾದದ್ದಿಲ್ಲ. ಮೂರರಲ್ಲಿ ಬೇಸಾಯದ ಮಾತನ್ನು ಬೇಗ ಕೇಳುವ ರೋಗ ಅದು.

ನಡುವಿನ ಭಾಗದಲ್ಲಿ ಜೆಜಿ-11 ಬಿತ್ತಿದ ಕಡೆ ಅಲ್ಲೊಂದು ಇಲ್ಲೊಂದು ಗಿಡ ಬಿಟ್ಟರೆ ಬಾಡಲಿಲ್ಲ. ಮರುವರ್ಷ ಜೋಳದ ನಂತರ ಅದೇ ತಳಿ ಬಿತ್ತಿದ ಒಂದೂವರೆ ಎಕರೆಯೂ ಹಾಗೆಯೇ ಇತ್ತು. ಇಲ್ಲಿ ಶ್ರೇಯಸ್ಸು ಎಷ್ಟು ತಳಿಗೆ, ಎಷ್ಟು ತಡ ಬಿತ್ತನೆಗೆ, ಎಷ್ಟು ಜೋಳಕ್ಕೆ ಸಲ್ಲಬೇಕು ಎಂದು ಬೇರ್ಪಡಿಸಲು ಒಂದೇ ಹೊಲದ ಅನುಭವ ಸಾಲದು. ಆದರೆ ರೈತರು ಒಂದು ಒಡ್ಡಿನ ಅಂಚಿಗೆ ಮನೆಯ ಹಳೆಯ ಅಣ್ಣಿಗೇರಿ-1 ಬೀಜವನ್ನು ನಾಲ್ಕು ಸಾಲು ಬಿತ್ತಿದ್ದರು. ಆ ಸಾಲುಗಳಲ್ಲಿ ಸಿಡಿ ಮೊದಲಿನಂತೆಯೇ ಹಾಯ್ದಿತು. ಪಕ್ಕದ ಸಾಲು ಹಸಿರಾಗಿತ್ತು. ಅದನ್ನು ನೋಡಿದರೆ ಹೆಚ್ಚಿನ ಪಾಲು ತಳಿಯದೆಂದೇ ಹೇಳಬೇಕಾಗುತ್ತದೆ. ಅಣ್ಣಿಗೇರಿಯ ಕಾಳಿನ ರುಚಿ, ಆಕಾರವನ್ನೇ ಬಯಸುವವರಿಗೆ ಅದೇ ತಳಿಗೆ ಸೊರಗು ನಿರೋಧಕ ಗುಣವನ್ನು ಸೇರಿಸಿದ ಸೂಪರ್ ಅಣ್ಣಿಗೇರಿ-1 ಎಂಬ ತಳಿಯೂ ಬಂದಿದೆ. ಈ ನಿರೋಧಕ ಶಕ್ತಿ ಸೊರಗು ರೋಗಕ್ಕೆ ಮಾತ್ರ. ಒಣ ಬೇರು ಕೊಳೆಗೆ ಅದು ಕೆಲಸ ಮಾಡುವುದಿಲ್ಲ.

ಮೇಲಿನ ತುಂಡಿನಲ್ಲಿ ಆದದ್ದು ಬೇರೆ. ಜೋಳ ಜನವರಿ ಕೊನೆಯಲ್ಲಿ ಹಾಲುಗಾಳು ಗಟ್ಟಿಯಾಗುವ ಹೊತ್ತಿಗೆ ಅಲ್ಲಲ್ಲಿ ಮಲಗತೊಡಗಿತು. ಮಲಗಿದ ದಂಟಿನ ಕೆಳಗಿನ ಗಿಣ್ಣನ್ನು ಸೀಳಿದಾಗ ತಿರುಳು ಎಳೆ ಎಳೆಯಾಗಿ ಬಿಟ್ಟು, ಅದರ ಮೇಲೆ ಕಡಲೆಯ ಬೇರಿನಲ್ಲಿ ಕಂಡಿದ್ದ ಅದೇ ಕಪ್ಪು ಚುಕ್ಕಿಗಳಿದ್ದವು. ಮರುವರ್ಷ ಅಲ್ಲಿ ಬಿತ್ತಿದ ಜೆಜಿ-11 ಕಡಲೆ ಡಿಸೆಂಬರಿನಲ್ಲಿ ಚೆನ್ನಾಗಿಯೇ ಇದ್ದು, ಕಾಯಿ ಕಟ್ಟುವಾಗ ಹಿಂದಿನಂತೆಯೇ ಒಣಗಿತು. ಸೊರಗು ರೋಗ ಕಡಿಮೆಯಾದ್ದರಿಂದ ಉಳಿದ ಗಿಡಗಳನ್ನು ಒಣ ಬೇರು ಕೊಳೆ ತೆಗೆದುಕೊಂಡಿತು ಎಂದರೂ ಆದೀತು. ಕಣಕಿಯ ಆಸೆಗೆ ಹಾಕಿದ ಜೋಳದ ಕಣಕಿಯೂ ಮಲಗಿ ಕೆಟ್ಟಿದ್ದರಿಂದ ರೈತರು ಈ ಬಾರಿ ಮಾತಿಗೆ ಕಿವಿಗೊಟ್ಟರು.

ಮೂರನೇ ವರ್ಷ ಮೇಲಿನ ಎರಡು ಎಕರೆಯಲ್ಲಿ ರೋಗವನ್ನು ನೇರವಾಗಿ ಎದುರಿಸುವ ಬದಲು ಹಸಿಯನ್ನು ಹಿಡಿಯುವ ಕಡೆಗೆ ಕೆಲಸ ಹೊರಳಿತು. ಮುಂಗಾರಿನ ಹೆಸರನ್ನು ಅಲ್ಲಿ ಕೈಬಿಟ್ಟು, ಜೂನ್‌ನಲ್ಲೇ ಚೌಕುಮಡಿ (ಸುತ್ತ ಸಣ್ಣ ಬದುವಿರುವ ಚೌಕಾಕಾರದ ಮಡಿ) ಕಟ್ಟಿ, ಬಿದ್ದ ಮಳೆಯೆಲ್ಲ ಅಲ್ಲೇ ಇಂಗುವಂತೆ ಮಾಡಲಾಯಿತು. ಇದರಿಂದ ಎರಡು ಲಾಭ: ಹಿಂಗಾರಿಗೆ ಹಸಿ ಉಳಿಯುತ್ತದೆ, ಮಳೆಗಾಲದಲ್ಲಿ ಮಣ್ಣು ಹಸಿಯಾಗಿದ್ದು ಆಸರೆಯ ಬೆಳೆ ಇಲ್ಲದಿರುವುದರಿಂದ ಕಪ್ಪು ಚುಕ್ಕಿಗಳ ಸಂಖ್ಯೆಯೂ ಇಳಿಯುತ್ತದೆ. ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರಕ್ಕೆ ಟ್ರೈಕೋಡರ್ಮಾ ಬೆರೆಸಿ, ನೆರಳಿನಲ್ಲಿ ಗೋಣಿತಟ್ಟು ಹೊದಿಸಿ, ಎರಡು ವಾರ ಹಸಿಯಾಗಿಟ್ಟು, ಬಿತ್ತನೆಗೆ ಮೊದಲು ಸಾಲಿಗೆ ಹಾಕಿದರು. ಬೀಜ ಎಕರೆಗೆ ಇಪ್ಪತ್ತು ಕಿಲೋಗೆ ಇಳಿಯಿತು. ಅಕ್ಟೋಬರ್ ಎರಡನೇ ವಾರದಲ್ಲಿ, ನಡುವಿನ ಭಾಗಕ್ಕಿಂತ ಮೊದಲೇ ಬಿತ್ತಿದರು. ಅಲ್ಲಿ ಸೊರಗಿನ ಭಯ ತಳಿಯಿಂದ ಕಡಿಮೆಯಾಗಿದ್ದರಿಂದ ಮೊದಲು ಬಿತ್ತುವ ಧೈರ್ಯ ಮಾಡಬಹುದಿತ್ತು. ಎರೆ ನೆಲ ಬಿರುಕು ಬಿಡುವ ಮೊದಲೇ ಎರಡು ಸಲ ಎಡೆಕುಂಟೆ ಹೊಡೆದು ಮೇಲ್ಮಣ್ಣನ್ನು ಸಡಿಲವಾಗಿಟ್ಟರು. ಕಳೆಗೆಂದು ಹೊಡೆಯುವ ಎಡೆ ಹಸಿಯನ್ನೂ ಕಾಯುತ್ತದೆ ಎಂಬುದು ಇಲ್ಲಿನ ಹಿರಿಯರಿಗೆ ಹೊಸತಲ್ಲ, ಕಳೆನಾಶಕ ಬಂದ ಮೇಲೆ ಆ ಎಡೆ ನಿಂತಿತ್ತು ಅಷ್ಟೇ. ಹೂ ಬಿಡುವ ಮುನ್ನ ಕೃಷಿ ಹೊಂಡದ ನೀರನ್ನು ತುಂತುರು ನೀರಾವರಿಯಿಂದ ಒಂದು ಸಲ ಕೊಟ್ಟರು.

ಆ ವರ್ಷ ಒಣ ಬೇರು ಕೊಳೆ ಪೂರ್ತಿ ಹೋಗಲಿಲ್ಲ. ಗರಸು ತೀರ ಮೇಲಿರುವ ದಿಬ್ಬದಲ್ಲಿ ಗಿಡಗಳು ಒಣಗಿದವು. ಉಳಿದೆಡೆ ಕಾಯಿ ಗಟ್ಟಿಯಾಗುವವರೆಗೆ ನಿಂತವು, ಕೊನೆಯಲ್ಲಿ ಒಣಗಿದ ಗಿಡಗಳಲ್ಲೂ ಕಾಳು ತುಂಬಿತ್ತು. ನವೆಂಬರಿನಲ್ಲಿ ಒಂದು ಹದವಾದ ಮಳೆಯೂ ಬಿದ್ದಿದ್ದರಿಂದ ಫಲವನ್ನೆಲ್ಲ ಚೌಕುಮಡಿಯ ಖಾತೆಗೆ ಬರೆಯುವಂತಿಲ್ಲ. ಆದರೆ ಅದೇ ಮಳೆ ಬಿದ್ದ ಪಕ್ಕದ ಹೊಲದ ತೆಳು ಮಣ್ಣಿನಲ್ಲಿ, ಒತ್ತು ಸಾಲಿನ ಕಡಲೆ ಜನವರಿಯಲ್ಲೇ ಬೆಳ್ಳಗಾಗಿತ್ತು.

ರೈತರ ಲೆಕ್ಕದಲ್ಲಿ ಇನ್ನೂ ಸರಿಹೋಗದ ಒಂದು ವಿಷಯವೆಂದರೆ ಎರಡು ಎಕರೆಯ ಹೆಸರು ಕೈತಪ್ಪಿದ್ದು. ಮಳೆ ಚೆನ್ನಾದ ವರ್ಷ ಹೆಸರಿಗೆ ಒಳ್ಳೆಯ ಬೆಲೆ ಸಿಕ್ಕಾಗ ಮಡಿ ಕಟ್ಟಿ ನೆಲ ಬೀಳು ಬಿಡುವುದು ನಷ್ಟದ ಮಾತಾಗಿಯೇ ಕಾಣುತ್ತದೆ, ಮತ್ತು ಆ ನಷ್ಟವನ್ನು ತೀರ ಸಣ್ಣದೆಂದು ಹೇಳುವಂತಿಲ್ಲ. ಸದ್ಯಕ್ಕೆ ಅವರು ಒಪ್ಪಿಕೊಂಡಿರುವುದು ಮೇಲಿನ ತುಂಡನ್ನು ಎರಡು ಪಾಲು ಮಾಡಿ ವರ್ಷಕ್ಕೆ ಒಂದನ್ನು ಮಾತ್ರ ಮುಂಗಾರಿನಲ್ಲಿ ಬೀಳು ಬಿಡುವುದಕ್ಕೆ. ಇನ್ನೊಂದು ತೊಂದರೆ ಅವರ ಕೈಯಲ್ಲಿಲ್ಲ: ಪಶ್ಚಿಮದ ಮೇಲಿನ ಹೊಲ ಲಾವಣಿಗೆ (ಗೇಣಿಗೆ) ಹೋಗಿದೆ, ಲಾವಣಿ ಹಿಡಿದವರು ವರ್ಷ ವರ್ಷ ಬದಲಾಗುತ್ತಾರೆ, ಆ ಹೊಲದ ನೀರು ಮಣ್ಣಿನ ಸಮೇತ ಇವರ ಒಡ್ಡು ಒಡೆದು ಇಳಿಯುತ್ತದೆ. ಸೊರಗು ರೋಗ ಇಳಿಜಾರಿಗೆ ಹಬ್ಬುವುದು ಹೀಗೆಯೇ ಆದ್ದರಿಂದ, ಬರುವ ಮುಂಗಾರಿಗೆ ಮೊದಲು ಆ ಒಡ್ಡನ್ನು ಎತ್ತರಿಸಿ ನೀರನ್ನು ಹಳ್ಳದ ಕಡೆಗೆ ತಿರುಗಿಸುವ ಬಗ್ಗೆ ಹೊಲದ ಮಾಲೀಕರೊಡನೆ ಮಾತುಕತೆ ನಡೆದಿದೆ.